ಎಡಗಡೆ ನೋಡಿದ ನಲವತ್ತೆರಡು ಜನ

ಚಳಿಗಾಲ ಮುಗಿಯುತ್ತಾ ಬಂದಿತ್ತು, ಬಿಸಿಲಿಗೆ ಇನ್ನೂ ಧೈರ್ಯ ಬಂದಿರಲಿಲ್ಲ. ಬೆಳಗಿನ ಹತ್ತು ಗಂಟೆ ಹೊತ್ತಿನಲ್ಲಿ ಸ್ಟುಡಿಯೋದ ಒಳಬಾಗಿಲನ್ನು ಕಿತ್ತು ಹಿತ್ತಿಲ ಗೋಡೆಗೆ ಒರಗಿಸಿದ ಮೇಲೆ ಇದೆಲ್ಲ ಶುರುವಾಯಿತು. ಕಿತ್ತವನು ಬೇರೆ ಯಾರೂ ಅಲ್ಲ, ಸ್ಟುಡಿಯೋದ ಯಜಮಾನನೇ.

ಬೀದಿಯಲ್ಲಿ ಅವನಿಗೆ ರೆಡಿಯಣ್ಣ ಅಂತ ಹೆಸರು. ಫೋಟೋ ತೆಗೆಯುವ ಮುಂಚೆ "ರೆಡೀ..." ಅಂತ ರಾಗ ಎಳೆಯುತ್ತಿದ್ದನಲ್ಲ, ಅದರಿಂದ ಬಂದದ್ದು. ಹೆಸರಿಗೂ ಆಸಾಮಿಗೂ ಏನೂ ಸಂಬಂಧವಿರಲಿಲ್ಲ. ಅವನು ಯಾವುದಕ್ಕಾದರೂ ರೆಡಿ ಇದ್ದದ್ದನ್ನು ಕಂಡವರಿಲ್ಲ. ಗಿರಾಕಿ ಬಂದು ಕೂತ ಮೇಲೆ ದೀಪದ ಬಲ್ಬು ಹುಡುಕುತ್ತಿದ್ದ. ಬಲ್ಬು ಸಿಗುವಷ್ಟರಲ್ಲಿ ಗಿರಾಕಿ ಬೇಸತ್ತು ಹೊರಗೆ ಹೋಗಿರುತ್ತಿದ್ದರಿಂದ ಆಮೇಲೆ ಗಿರಾಕಿಯನ್ನು ಹುಡುಕುತ್ತಿದ್ದ. ಆದರೂ ಅವನ ಅಪ್ಪ ನಡೆಸಿದ ಸ್ಟುಡಿಯೋ, ಒಳ್ಳೆಯ ಹೆಸರಿತ್ತು, ಬೀದಿಗೆ ಬೇರೆ ಗತಿಯೂ ಇರಲಿಲ್ಲ.

ಗತಿ ಆಯಿತು. ಬೀದಿಯ ಆ ತುದಿಯಲ್ಲಿ ಹೊಸ ಸ್ಟುಡಿಯೋ ಬಂತು. ಗಾಜಿನ ಬಾಗಿಲು, ಒಳಗೆ ತಿರುಗುವ ಕುರ್ಚಿ. ರೆಡಿಯಣ್ಣನಿಗೆ ನಿದ್ದೆ ಹತ್ತಲಿಲ್ಲ. ಎಲ್ಲಿಂದಲೋ ಒಂದು ದೊಡ್ಡ ಕ್ಯಾಮೆರಾ ಹೊತ್ತು ತಂದ. ಮೂರು ಕಾಲಿನ ಮರದ ಸ್ಟ್ಯಾಂಡು, ಹಾರ್ಮೋನಿಯಂ ಥರ ಹಿಗ್ಗುವ ಹೊಟ್ಟೆ, ಮೇಲೆ ಹೊದ್ದುಕೊಳ್ಳಲು ಕಪ್ಪು ಬಟ್ಟೆ. ಹೊರಗೆ ಹೊಸ ಬೋರ್ಡು ಬರೆಸಿದ: "ನಮ್ಮ ಕ್ಯಾಮೆರಾ ಸುಳ್ಳು ಹೇಳುವುದಿಲ್ಲ."

ಕ್ಯಾಮೆರಾ ಏನೋ ಸುಳ್ಳು ಹೇಳಲಿಲ್ಲ, ಆದರೆ ಕೋಣೆಯೊಳಗೆ ಹಿಡಿಸಲೂ ಇಲ್ಲ. ಸ್ಟುಡಿಯೋದ ಹಿಂದೆಯೇ ಮನೆ. ನಡುವಿನ ಬಾಗಿಲು ಸ್ಟುಡಿಯೋ ಕಡೆಗೆ ತೆರೆದುಕೊಳ್ಳುತ್ತಿತ್ತು, ತೆರೆದಾಗಲೆಲ್ಲ ಸ್ಟ್ಯಾಂಡಿನ ಒಂದು ಕಾಲಿಗೆ ಬಡಿಯುತ್ತಿತ್ತು. ಅದಕ್ಕೇ ಬಾಗಿಲು ಕಿತ್ತು ಅಲ್ಲೊಂದು ಕಂದು ಬಣ್ಣದ ಪರದೆ ಇಳಿಬಿಟ್ಟ. ಕುರ್ಚಿಯಲ್ಲಿ ಕೂತವರಿಗೆ ಎದುರಿಗೆ ಕ್ಯಾಮೆರಾ, ಎರಡು ಪಕ್ಕದಲ್ಲೂ ಕಣ್ಣು ಕುಕ್ಕುವ ದೀಪ, ಎಡಗಡೆ ದೀಪದ ಆಚೆ ಕತ್ತಲಲ್ಲಿ ಈ ಪರದೆ.

ಪರದೆಯ ಹಿಂದೆ ಅತ್ತೆ. ಹೆಂಡತಿಯ ತಾಯಿ ಅಲ್ಲ, ಅಪ್ಪನ ಅಕ್ಕ, ಸೋದರತ್ತೆ. ತಾಯಿಯಿಲ್ಲದ ರೆಡಿಯಣ್ಣನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದವಳು. ಮಾಡಿದ್ದು ಪೂರ್ತಿಯಾಗಿಲ್ಲ ಅನ್ನುವುದು ಅವಳ ಅಭಿಪ್ರಾಯ. "ನಲವತ್ತೈದು ವರ್ಷದಿಂದ ಸಾಕ್ತಾ ಇದ್ದೀನಿ, ಇನ್ನೂ ಕೈಗೆ ಬಂದಿಲ್ಲ" ಎಂದು ಅಕ್ಕಪಕ್ಕದವರಿಗೆ ಹೇಳುತ್ತಿದ್ದಳು. ಅವನ ಹೆಂಡತಿಗೂ ಅದೇ ಅಭಿಪ್ರಾಯವಿದ್ದುದರಿಂದ ಆ ಮನೆಯಲ್ಲಿ ಜಗಳ ಕಡಿಮೆ.

ದೊಡ್ಡ ಕ್ಯಾಮೆರಾದಲ್ಲಿ ಒಂದು ಪದ್ಧತಿ ಉಂಟು. ಮೊದಲು ಕಪ್ಪು ಬಟ್ಟೆ ಹೊದ್ದುಕೊಂಡು ಹಿಂದಿನ ಗಾಜಿನಲ್ಲಿ ತಲೆಕೆಳಗಾದ ಗಿರಾಕಿಯನ್ನು ನೋಡಿ ಸರಿ ಮಾಡಿಕೊಳ್ಳಬೇಕು. ಆಮೇಲೆ ಚಿತ್ರ ಮೂಡುವ ಪ್ಲೇಟು ತೂರಿಸಿ, ತಲೆ ಹೊರಗೆ ತೆಗೆದು, ಗಿರಾಕಿಯ ಮುಖ ನೋಡುತ್ತಾ ರಬ್ಬರ್ ಚೆಂಡು ಅಮುಕಬೇಕು. ಪ್ಲೇಟು ತೂರಿಸಿದ ಮೇಲೆ ಬಟ್ಟೆಯೊಳಗೆ ಕಾಣುವುದು ಬರೀ ಕತ್ತಲು. ಆದರೆ ರೆಡಿಯಣ್ಣ ತಲೆ ಹೊರಗೆ ತೆಗೆಯುತ್ತಿರಲಿಲ್ಲ. ಕಡೆಯವರೆಗೂ ಬಟ್ಟೆಯೊಳಗೇ ಇರುವುದು ದೊಡ್ಡ ಕ್ಯಾಮೆರಾದವರ ಗತ್ತು ಎಂದು ಅವನಿಗೆ ಯಾರು ಹೇಳಿದ್ದರೋ, ಅವನೇ ಹೇಳಿಕೊಂಡಿದ್ದನೋ. ಕತ್ತಲೊಳಗಿಂದಲೇ "ರೆಡೀ..." ಎನ್ನುತ್ತಿದ್ದ, ಕತ್ತಲೊಳಗಿಂದಲೇ ಅಮುಕುತ್ತಿದ್ದ.

ಹೊಸ ಕ್ಯಾಮೆರಾದ ಫೋಟೋಗಳು ನಿಜಕ್ಕೂ ಚೆನ್ನಾಗಿ ಬಂದವು. ಯಾವತ್ತೂ ನಗದವರೆಲ್ಲ ನಗುತ್ತಿದ್ದರು. ಹಲ್ಲುನೋವಿನವರೂ ನಗುತ್ತಿದ್ದರು. "ನೋಡಿದ್ಯಾ? ಇದು ಕಲೆ" ಎಂದ ರೆಡಿಯಣ್ಣ ಹೆಂಡತಿಗೆ. ಅವಳು ಫೋಟೋ ಹಿಡಿದು ಬೆಳಕಿಗೆ ತಿರುಗಿಸಿ, "ಎಲ್ಲಾ ಸರಿ. ಇವರೆಲ್ಲ ಆ ಕಡೆ ಯಾಕೆ ನೋಡ್ತಿದ್ದಾರೆ?" ಎಂದಳು.

"ಯಾವ ಕಡೆ?"

"ಕಣ್ಣಿಲ್ವಾ ನಿಮಗೆ? ಎಡಗಡೆ."

ರೆಡಿಯಣ್ಣ ನೋಡಿದ. ಮುಖ ನೆಟ್ಟಗಿತ್ತು, ಮೂಗು ನೆಟ್ಟಗಿತ್ತು, ಕಣ್ಣುಗಳು ಮಾತ್ರ ಎಡಗಡೆಯ ಮೂಲೆಗೆ ಹೋಗಿ ಕೂತಿದ್ದವು. "ಕ್ಯಾಮೆರಾ ಸುಳ್ಳು ಹೇಳಲ್ಲ. ಅವರ ಕಣ್ಣೇ ಹಾಗಿರಬೇಕು" ಎಂದ. ಬೋರ್ಡು ಬರೆಸಿದ ಮೇಲೆ ಬೇರೆ ಏನು ತಾನೇ ಹೇಳಲು ಸಾಧ್ಯ?

ಮೊದಲ ಪೆಟ್ಟು ಎದುರುಮನೆಯ ಟೈಲರನಿಂದ ಬಂತು. ಟೈಲರನ ಮಗಳಿಗೆ ಮದುವೆ ಗೊತ್ತಾಗಿತ್ತು. ಹುಡುಗನಿಗೆ ದೂರದ ಊರಿನಲ್ಲಿ ಕೆಲಸ, ನೆನಪಿಗೆ ಇರಲಿ ಅಂತ ಹುಡುಗಿ ಒಂದು ಫೋಟೋ ತೆಗೆಸಿ ಕಳಿಸಿದ್ದಳು. ಉತ್ತರವಾಗಿ ಬಂದ ಕಾಗದವನ್ನು ಹಿಡಿದುಕೊಂಡು ಟೈಲರ್ ಒಂದೇ ಉಸಿರಿಗೆ ರಸ್ತೆ ದಾಟಿದ. ಇನ್ನೊಂದು ಕೈಯಲ್ಲಿದ್ದ ಕತ್ತರಿ ಕೆಳಗಿಡಲು ಮರೆತಿದ್ದ.

"ಓದು" ಎಂದ.

ರೆಡಿಯಣ್ಣ ಕತ್ತರಿಯ ಮೇಲೆ ಒಂದು ಕಣ್ಣಿಟ್ಟು ಓದಿದ. ಮೂರೇ ಸಾಲು. "ಫೋಟೋ ತಲುಪಿತು. ನಗು ಚೆನ್ನಾಗಿದೆ. ಯಾರಿಗೆ?"

"ಯಾವನಿದ್ದಾನೋ ನಿನ್ನ ಸ್ಟುಡಿಯೋದಲ್ಲಿ?"

"ನಾನಿದ್ದೀನಿ."

"ನಿನ್ನ ಮುಖ ನೋಡಿ ಯಾರಾದ್ರೂ ಹಿಂಗೆ ನಗ್ತಾರೇನೋ? ಇವಳು ಪಕ್ಕಕ್ಕೆ ನೋಡ್ತಿದ್ದಾಳೆ. ಅಲ್ಲಿ ಯಾವನೋ ನಿಂತಿದ್ದ. ಯಾವನು?"

"ಯಾರೂ ಇರಲಿಲ್ಲ ಕಣಯ್ಯಾ. ಮಗಳನ್ನೇ ಕೇಳು."

"ಕೇಳಿದೆ. ಕ್ಯಾಮೆರಾನೇ ನೋಡ್ತಿದ್ದೆ ಅಂತ ಅಳ್ತಾಳೆ. ನಿನ್ನ ಕ್ಯಾಮೆರಾ ಸುಳ್ಳು ಹೇಳಲ್ವಲ್ಲ, ಅಂದಮೇಲೆ ನನ್ನ ಮಗಳು ಸುಳ್ಳು ಹೇಳ್ತಾಳಾ?"

ರೆಡಿಯಣ್ಣನಿಗೆ ಹೊಳೆದದ್ದು ಒಂದೇ. "ಯಾವುದಕ್ಕೂ ಕಣ್ಣಿನ ಡಾಕ್ಟರಿಗೆ ಒಂದ್ಸಲ ತೋರಿಸು" ಎಂದ. ಟೈಲರ್ ಕತ್ತರಿಯನ್ನು ಎರಡು ಸಲ ತೆರೆದು ಮುಚ್ಚಿ ಹೊರಟುಹೋದ.

ಎರಡನೆಯ ಪೆಟ್ಟು ದೊಡ್ಡದು. ಬೀದಿಯ ಮೂಲೆಯಲ್ಲಿ ಒಂದು ಕಚೇರಿ ಇತ್ತು. ಅಲ್ಲಿನ ನಲವತ್ತೆರಡು ಜನರಿಗೂ ಗುರುತಿನ ಚೀಟಿ ಆಗಬೇಕಿತ್ತು, ಜೊತೆಗೆ ನಿವೃತ್ತರಾಗುತ್ತಿದ್ದ ಸಾಹೇಬರದು ಗೋಡೆಗೆ ಹಾಕಲು ಒಂದು ದೊಡ್ಡ ಫೋಟೋ. ಕಚೇರಿಯ ಕೆಲಸ ಅಪ್ಪನ ಕಾಲದಿಂದ ಇವರದೇ, ಅದೊಂದು ಇದ್ದರೆ ವರ್ಷವೆಲ್ಲ ಸ್ಟುಡಿಯೋ ಉಸಿರಾಡುತ್ತಿತ್ತು. ಎಲ್ಲರದೂ ತೆಗೆದು ಕೊಟ್ಟ ಮೇಲೆ, ಒಂದು ಸೋಮವಾರ ಬೆಳಗ್ಗೆ ಹೆಡ್ ಗುಮಾಸ್ತರು ಬಂದು, ದಪ್ಪ ಲಕೋಟೆಯೊಂದನ್ನು ಮೇಜಿನ ಮೇಲೆ ಎಸೆದರು. ಕೂತುಕೊಳ್ಳಿ ಎಂದರೆ ಕೂರಲಿಲ್ಲ.

"ನಲವತ್ತೆರಡು ಜನಾನೂ ಒಂದೇ ಕಡೆ ನೋಡ್ತಿದ್ದಾರೆ. ನಗ್ತಾ ಬೇರೆ ಇದ್ದಾರೆ. ಮೇಲಿನ ಕಚೇರಿಯವರು ಏನಂದುಕೊಂಡ್ರು ಗೊತ್ತೇನ್ರೀ? ಎಲ್ಲಾ ಸೇರಿ ಏನೋ ಸಂಚು ಮಾಡಿದ್ದಾರೆ, ಮುಷ್ಕರ ಹೂಡ್ತಾರೆ ಅಂತ! ವಿವರಣೆ ಕೇಳಿ ಕಾಗದ ಬಂದಿದೆ."

"ಸಾಹೇಬರದು ಚೆನ್ನಾಗಿ ಬಂದಿತ್ತಲ್ಲ ಸಾರ್?"

ಹೆಡ್ ಗುಮಾಸ್ತರು ಕನ್ನಡಕ ತೆಗೆದು ಒರೆಸಿಕೊಂಡರು. "ಅದರ ಮಾತು ಎತ್ತಬೇಡಿ. ಮೊದಲು ದೊಡ್ಡ ಹಾಲಿನಲ್ಲಿ ಹಾಕಿದ್ವಿ. ಸಾಹೇಬರ ಕಣ್ಣು ನೇರವಾಗಿ ಟೈಪಿಸ್ಟ್ ಅಮ್ಮನ ಕುರ್ಚಿ ಮೇಲೆ ಬಿತ್ತು. ಆಯಮ್ಮ ಒಂದು ದಿನ ಸುಮ್ಮನಿದ್ರು, ಎರಡನೇ ದಿನ ಟೈಪ್ ಮಾಡೋ ಮಿಷನ್ನನ್ನೇ ಎತ್ತಿಕೊಂಡು ಹೋಗಿ ಸ್ಟೋರ್ ರೂಮಿನಲ್ಲಿ ಕೂತ್ರು. ಎದುರುಗೋಡೆಗೆ ಬದಲಾಯಿಸಿದ್ವಿ. ಅಲ್ಲಿಂದ ನೋಡಿದ್ರೆ ಶೌಚಾಲಯದ ಬಾಗಿಲು. ಒಳಗೆ ಹೋಗೋರನ್ನೆಲ್ಲ ಸಾಹೇಬರು ನಗ್ತಾ ಎಣಿಸಿದ ಹಾಗಿದೆ. ಮಧ್ಯಾಹ್ನದ ಮೇಲೆ ಯಾರೂ ನೀರೇ ಕುಡೀತಿಲ್ಲ ಕಣ್ರೀ!"

"ನಿಮ್ಮ ಕಚೇರಿಯವರನ್ನ ಒಂದ್ಸಲ ಕಣ್ಣಿನ ಡಾಕ್ಟರ ಹತ್ರ..."

"ಶುಕ್ರವಾರ" ಎಂದರು ಹೆಡ್ ಗುಮಾಸ್ತರು. "ಶುಕ್ರವಾರದೊಳಗೆ ನಲವತ್ತೆರಡು ಜೊತೆ ಕಣ್ಣು ನೆಟ್ಟಗಾಗಬೇಕು. ಇಲ್ಲದಿದ್ರೆ ಆ ತುದಿಯ ಸ್ಟುಡಿಯೋ ಇದೆ. ಇನ್ನು ಮುಂದೆ ಎಲ್ಲಾ ಕೆಲಸಾನೂ ಅಲ್ಲಿಗೇ."

ಅವರು ಹೋದ ಮೇಲೆ ರೆಡಿಯಣ್ಣ ಗಿರಾಕಿಗಳ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೆ ಕೂತುಬಿಟ್ಟ. ಪರದೆಯ ಆಚೆಯಿಂದ ಅತ್ತೆ, "ಟೀ ಕೊಡ್ಲೇನೋ?" ಎಂದಳು. ಬೇಡವೆಂದ. ಅವನು ಟೀ ಬೇಡವೆಂದದ್ದು ಅದೇ ಮೊದಲು. ಅತ್ತೆ ಹೆಂಡತಿಗೆ, "ವಿಷಯ ಗಂಭೀರ ಕಣೇ" ಎಂದಳು.

ಮಂಗಳವಾರ ಸ್ಟುಡಿಯೋಗೆ ವಾರದ ರಜೆ. ರಜೆಯ ದಿನವೇ ಕಣ್ಣಿನ ಡಾಕ್ಟರು ಬಾಗಿಲು ಬಡಿದರು. ಅವರ ಮುಖ ಕೆಂಪಗಾಗಿತ್ತು.

"ಎರಡು ವಾರದಲ್ಲಿ ಮೂವತ್ತು ಜನರನ್ನ ಕಳಿಸಿದ್ದೀರಿ. ಮೂವತ್ತು ಜನಕ್ಕೂ ಕಣ್ಣು ಸರಿಯಾಗಿದೆ. ನಿಮ್ಮ ಬೋರ್ಡಿಗೆ ಹುಷಾರಿಲ್ಲ, ನಿಮ್ಮ ಗಿರಾಕಿಗಳಿಗಲ್ಲ. ನನ್ನ ಫೋಟೋ ತೆಗೀರಿ. ನಾನು ನೋಡ್ತೀನಿ, ಅದು ಹೆಂಗೆ ಎಡಗಡೆ ಹೋಗುತ್ತೆ ಅಂತ."

ಡಾಕ್ಟರು ಕೂತರು. ಕ್ಯಾಮೆರಾವನ್ನು ದುರುಗುಟ್ಟಿಕೊಂಡು ನೋಡಿದರು. ರೆಡಿಯಣ್ಣ ಬಟ್ಟೆ ಹೊದ್ದ, ಸರಿ ಮಾಡಿದ, ಪ್ಲೇಟು ತೂರಿಸಿದ, ಕತ್ತಲೊಳಗಿಂದ "ರೆಡೀ..." ಎಂದ, ಅಮುಕಿದ. ಪ್ಲೇಟು ತೊಳೆಯಲು ಕತ್ತಲೆ ಕೋಣೆಗೆ ಹೋದ. ಅತ್ತೆ ಡಾಕ್ಟರಿಗೆ ಟೀ ತಂದಿಟ್ಟು, ಒಳಗಿದ್ದವನಿಗೆ ಕೇಳುವ ಹಾಗೆ, "ಡಾಕ್ಟರು ಎಷ್ಟು ಚೆನ್ನಾಗಿ ನಕ್ಕಿದ್ದಾರೆ ಗೊತ್ತೇನೋ!" ಎಂದು ಕೂಗಿ ಒಳಗೆ ಹೋದಳು.

"ನಾನೆಲ್ಲಿ ನಕ್ಕೆ?" ಎಂದುಕೊಂಡರು ಡಾಕ್ಟರು.

ಅರ್ಧ ಗಂಟೆಯ ಮೇಲೆ ಹಸಿ ಫೋಟೋ ಹೊರಗೆ ಬಂತು. ಡಾಕ್ಟರು ನಕ್ಕಿದ್ದರು. ಕಣ್ಣುಗಳು ಎಡಗಡೆಯ ಮೂಲೆಯಲ್ಲಿದ್ದವು. ಡಾಕ್ಟರು ಫೋಟೋವನ್ನು ಹತ್ತಿರ ಹಿಡಿದರು, ದೂರ ಹಿಡಿದರು. "ಇಪ್ಪತ್ತು ವರ್ಷದಿಂದ ಕಣ್ಣಿನ ಕೆಲಸ ಮಾಡ್ತಿದ್ದೀನಿ. ನನ್ನ ಕಣ್ಣೇ ನನ್ನ ಮಾತು ಕೇಳಿಲ್ಲ" ಎಂದರು ಮೆಲ್ಲಗೆ. ಆಮೇಲೆ ರೆಡಿಯಣ್ಣನ ಎದುರಿಗೆ ಬಂದು ನಿಂತರು.

"ನನ್ನ ಮೂಗು ನೋಡಿ. ಮೂಗೇ ನೋಡ್ಬೇಕು, ಬೇರೆ ಕಡೆ ಬೇಡ."

ರೆಡಿಯಣ್ಣ ಮೂಗು ನೋಡಿದ. ಡಾಕ್ಟರು ಕೈಯನ್ನು ಪಕ್ಕಕ್ಕೆ ಚಾಚಿ ಕಿರುಬೆರಳು ಆಡಿಸಿದರು. ರೆಡಿಯಣ್ಣನ ಕಣ್ಣು ಜಿಗಿದು ಬೆರಳಿಗೆ ಹೋಯಿತು.

"ಮೂಗು ಅಂದೆ."

"ಮೂಗೇ ನೋಡ್ತಿದ್ದೆ ಸಾರ್!"

"ಇದೇ! ಎಲ್ಲಾರೂ ಇದನ್ನೇ ಹೇಳೋದು. ಕೇಳಿ, ಕಣ್ಣಿನ ನಡುಭಾಗ ಓದೋಕೆ, ಅಂಚು ಕಾವಲಿಗೆ. ಅಂಚಿಗೆ ಅಕ್ಷರ ಗೊತ್ತಿಲ್ಲ, ಮುಖದ ಗುರುತಿಲ್ಲ. ಏನಾದ್ರೂ ಅಲುಗಾಡಿದ್ರೆ ಸಾಕು, ಅದೇನು ಅಂತ ತಿಳಿಯೋಕೆ ಮುಂಚೆ, ಯಜಮಾನನ್ನ ಒಂದು ಮಾತೂ ಕೇಳದೆ, ಕಣ್ಣನ್ನ ಆ ಕಡೆ ಎಳೆದುಬಿಡುತ್ತೆ. ದೀಪ ಕುಕ್ಕೋದ್ರಿಂದ ಅಲ್ಲಿ ಕಂಡದ್ದು ಏನು ಅಂತಾನೂ ಗೊತ್ತಾಗಲ್ಲ. ಈ ಕೋಣೇಲಿ ಏನೋ ಅಲುಗಾಡ್ತಿದೆ. ನೀವು ಬಟ್ಟೆಯೊಳಗೆ ಇರ್ತೀರಿ, ಊರಿಗೆಲ್ಲ ಕಂಡದ್ದು ನಿಮಗೊಬ್ಬರಿಗೆ ಕಾಣಲ್ಲ." ಇಷ್ಟು ಹೇಳಿ ಡಾಕ್ಟರು ಟೀ ಲೋಟದ ಕಡೆ ನೋಡಿದರು. "ನಿಮ್ಮತ್ತೆ ನಾನು ನಕ್ಕೆ ಅಂದ್ರು. ಪ್ಲೇಟು ಇನ್ನೂ ನೀರಿನಲ್ಲಿತ್ತು. ಅವರಿಗೆ ಹೆಂಗೆ ಗೊತ್ತಾಯ್ತು?" ಎಂದರು.

ರೆಡಿಯಣ್ಣ, "ಅವರಿಗೆ ಎಲ್ಲಾ ಮೊದಲೇ ಗೊತ್ತಾಗುತ್ತೆ ಸಾರ್" ಎಂದ.

ಡಾಕ್ಟರು ಅವನನ್ನು ಹಿಡಿದು ಕುರ್ಚಿಯ ಮೇಲೆ ಕೂರಿಸಿದರು. ಅಪ್ಪನ ಕಾಲದಿಂದ ಆ ಕುರ್ಚಿಯಲ್ಲಿ ಊರೆಲ್ಲ ಕೂತಿತ್ತು, ಬುದ್ಧಿ ಬಂದ ಮೇಲೆ ಅವನು ಕೂತಿರಲಿಲ್ಲ. ಡಾಕ್ಟರು ತಾವೇ ಪ್ಲೇಟು ತೂರಿಸಿ, ಬಟ್ಟೆಯೊಳಗೆ ತಲೆ ಹಾಕಿ, ರೆಡಿಯಣ್ಣನ ರಾಗದಲ್ಲೇ "ರೆಡೀ..." ಎಂದು ಕೂಗಿದರು.

ಎಡಗಡೆ ದೀಪದ ಆಚೆ ಏನೋ ಅಲುಗಾಡಿತು. ರೆಡಿಯಣ್ಣ ನೋಡಬಾರದೆಂದು ಹಲ್ಲು ಕಚ್ಚಿದ. ಕಣ್ಣು ಆಗಲೇ ಹೋಗಿತ್ತು. ಪರದೆಯ ಅಂಚಿನಲ್ಲಿ ನಾಲ್ಕು ಬೆರಳು, ಆಮೇಲೆ ಅರ್ಧ ಮುಖ, ಕತ್ತಲಲ್ಲೂ ಅವನಿಗೆ ಗುರುತು ಸಿಗುವ ಮುಖ. ಹೊಸದಾಗಿ ಪೌಡರ್ ಬಳಿದುಕೊಂಡ, ತಲೆ ಬಾಚಿಕೊಂಡ ಮುಖ. ಬೊಚ್ಚುಬಾಯಿ ಪೂರ್ತಿ ತೆರೆದು ಒಂದು ನಗು. ಚಿಕ್ಕಂದಿನಲ್ಲಿ ಅವನು ಬಿದ್ದು ಮೊಣಕಾಲು ತರಚಿಕೊಂಡಾಗ, ಅಳುವುದಕ್ಕೆ ಮುಂಚೆಯೇ ಎದುರಿಗೆ ಬಂದು ನಿಲ್ಲುತ್ತಿದ್ದ ನಗು. ರೆಡಿಯಣ್ಣನಿಗೆ ಗೊತ್ತಿಲ್ಲದೆಯೇ ಅವನ ಬಾಯಿ ಕಿವಿಯವರೆಗೂ ಹೋಯಿತು. ಡಾಕ್ಟರು ಅಮುಕಿದರು. ಮುಖ ಮಾಯವಾಯಿತು.

"ಅತ್ತೇ!"

"ಯಾಕೋ ಹಂಗೆ ಕಿರುಚ್ತೀಯ? ಕಿವುಡಿ ಅಂದ್ಕೊಂಡ್ಯಾ?" ಅತ್ತೆ ಪರದೆ ಸರಿಸಿ ಹೊರಗೆ ಬಂದಳು.

"ನೀವು ದಿನಾ ಹಿಂಗೇ ಇಣುಕ್ತಿದ್ರಾ?"

"ಇಣುಕೋದಾ? ಕೆಲಸ ಮಾಡ್ತಿದ್ದೆ. ನೀನು ಕರಿ ಬಟ್ಟೆ ಹೊದ್ದುಕೊಂಡು ಬಗ್ಗಿ ನಿಂತ್ರೆ ಎದುರಿಗೆ ಕೂತೋರಿಗೆ ಕರಡಿ ಕಂಡಂಗೆ ಆಗುತ್ತೆ. ಬೆವರ್ತಾರೆ ಪಾಪ. ನೀನು ರೆಡಿ ಅಂದ ತಕ್ಷಣ ನಾನು ಬಂದು ಒಂದು ನಗು ನಕ್ಕು ಹೋಗ್ತೀನಿ. ಇಲ್ದಿದ್ರೆ ನಿನ್ನ ಗಿರಾಕಿಗಳು ನಗ್ತಿದ್ರೇನೋ? ಕಲೆಯಂತೆ, ಕಲೆ!"

"ನಗು ಹೆಂಗೆ ಅಂಟಿಕೊಳ್ತು ಅನ್ನೋದು ಮಾತ್ರ ನನ್ನ ಪುಸ್ತಕದಲ್ಲಿಲ್ಲ" ಎಂದು ಡಾಕ್ಟರು ಟೀ ಮುಗಿಸಿ ಹೊರಟರು.

ರೆಡಿಯಣ್ಣನಿಗೆ ಅವಮಾನವಾಯಿತು, ಸಿಟ್ಟು ಬಂತು. ಅಂದೇ ಸಂಜೆ ಹಿತ್ತಿಲಲ್ಲಿದ್ದ ಬಾಗಿಲನ್ನು ತಂದು ಚೌಕಟ್ಟಿಗೆ ಅಡ್ಡಲಾಗಿಟ್ಟು ಮೊಳೆ ಹೊಡೆದ. ಮನೆಗೆ ಹೋಗಬೇಕಾದರೆ ಬೀದಿ ಸುತ್ತಿ ಹಿತ್ತಿಲಿನಿಂದ ಹೋಗಬೇಕಾಯಿತು. ಅತ್ತೆ ಪೌಡರ್ ಡಬ್ಬಿಯನ್ನು ಪೆಟ್ಟಿಗೆಯೊಳಗಿಟ್ಟು ಮುಚ್ಚಿದಳು.

ಬುಧವಾರ ಕಚೇರಿಯವರು ಗೊಣಗಿಕೊಂಡು ಮತ್ತೆ ಬಂದು ಕೂತರು. ನಲವತ್ತೆರಡು ಜೊತೆ ಕಣ್ಣೂ ಗೆರೆ ಎಳೆದ ಹಾಗೆ ನೆಟ್ಟಗೆ ಬಂದವು. ಗುರುವಾರ ಬೆಳಗ್ಗೆ ಹೆಡ್ ಗುಮಾಸ್ತರು ಒಂದೊಂದಾಗಿ ನೋಡಿದರು. ನೋಡುತ್ತಾ ನೋಡುತ್ತಾ ಅವರ ಮುಖವೂ ಫೋಟೋಗಳ ಹಾಗೇ ಸಪ್ಪೆಯಾಯಿತು.

"ಇವರೆಲ್ಲ ಯಾವ ಸಾವಿನ ಮನೆಯಿಂದ ಬಂದ್ರು? ಹೋದ್ಸಲ ಮುಷ್ಕರಕ್ಕೆ ಹೊರಟ ಹಾಗಿತ್ತು, ಈ ಸಲ ಅದು ಮುಗಿದು ಎಲ್ಲಾರಿಗೂ ಶಿಕ್ಷೆ ಆದ ಹಾಗಿದೆ! ಇದನ್ನ ಕತ್ತಿಗೆ ನೇತು ಹಾಕ್ಕೊಂಡು ವರ್ಷಗಟ್ಟಲೆ ಓಡಾಡಬೇಕಲ್ರೀ! ಟೈಪಿಸ್ಟ್ ಅಮ್ಮ ತನ್ನದನ್ನ ನೋಡಿ ಮನೆಗೆ ಹೋದ್ರು." ನಡುವೆ ತಮ್ಮದೇ ಫೋಟೋ ಸಿಕ್ಕಿತು. ಅದನ್ನು ಮಗುಚಿಟ್ಟರು. "ನಾಳೆ ಸಂಜೆಯವರೆಗೆ ಟೈಮಿದೆ. ಆಮೇಲೆ ನನ್ನ ಕೈಯಲ್ಲಿಲ್ಲ."

ರೆಡಿಯಣ್ಣ ಸುತ್ತಿಗೆ ತಗೊಂಡ. ಮೊಳೆ ಕಿತ್ತ. ಒಂದು ಮೊಳೆ ಬಗ್ಗಿತ್ತು, ಅದನ್ನು ಕೀಳಲು ಹೋಗಿ ಬೆರಳು ಜಜ್ಜಿಕೊಂಡ. ಬಾಗಿಲು ಸರಿಸಿದರೆ ಆಚೆ ಅತ್ತೆ ಅವನಿಗೆ ಬೆನ್ನು ಹಾಕಿ ಕೂತಿದ್ದಳು.

"ಅತ್ತೆ."

ಅತ್ತೆ ಸೆರಗು ಸರಿಮಾಡಿಕೊಂಡಳು.

"ಅತ್ತೆ, ಬೆರಳು ಜಜ್ಜಿಹೋಯ್ತು."

ಬೆನ್ನು ಸ್ವಲ್ಪ ಅಲುಗಿತು. "ಬಾಯಲ್ಲಿಟ್ಟುಕೋ" ಎಂದಿತು.

"ಕಚೇರಿ ಕೆಲಸ ಹೋಗುತ್ತೆ ಅತ್ತೆ. ಅಪ್ಪ ಇಟ್ಟ ಸ್ಟುಡಿಯೋ. ನೀವು ಬರದಿದ್ರೆ ಮುಚ್ಚಬೇಕಾಗುತ್ತೆ."

ಅತ್ತೆ ತಿರುಗಿದಳು. ಅವನ ಬೆರಳು ಹಿಡಿದು ನೋಡಿದಳು. "ಪಕ್ಕದಲ್ಲಿ ನಿಂತ್ರೆ ಕಣ್ಣು ಪಕ್ಕಕ್ಕೆ ಹೋಗುತ್ತಂತೆ, ಅಲ್ವಾ? ಹಂಗಿದ್ರೆ ಪಕ್ಕದಲ್ಲಿ ಯಾಕೆ ನಿಲ್ಲಬೇಕು? ಒಂದು ಸ್ಟೂಲ್ ತಗೊಂಬಾ."

ಕ್ಯಾಮೆರಾದ ಬೆನ್ನಿಗೇ ಸ್ಟೂಲ್ ಹಾಕಿ ಅತ್ತೆಯನ್ನು ಅದರ ಮೇಲೆ ನಿಲ್ಲಿಸಿದರು. ಹೆಂಡತಿ ಹಿಂದಿನಿಂದ ಸೊಂಟ ಹಿಡಿದುಕೊಂಡಳು. ರೆಡಿಯಣ್ಣ ಬಟ್ಟೆಯೊಳಗೆ ಬಗ್ಗಿದ. ಕುರ್ಚಿಯಲ್ಲಿ ಕೂತವರಿಗೆ ಕಂಡದ್ದು ಏನೆಂದರೆ, ಮೂರು ಕಾಲಿನ ಒಂದು ಕರಡಿ, ಅದಕ್ಕೆ ಪೌಡರ್ ಹಾಕಿದ ಅಜ್ಜಿಯ ತಲೆ. ಹೆಡ್ ಗುಮಾಸ್ತರು ಮೊದಲು ಕೂತವರು. "ಇದೇನ್ರೀ ಇದು..." ಅನ್ನುವಷ್ಟರಲ್ಲಿ "ರೆಡೀ..." ಕೇಳಿಸಿತು, ಅತ್ತೆ ನಕ್ಕಳು. ಹದಿನೆಂಟು ವರ್ಷದ ನೌಕರಿಯಲ್ಲಿ ಹೆಡ್ ಗುಮಾಸ್ತರ ಹಲ್ಲನ್ನು ಕಚೇರಿಯವರು ನೋಡಿದ್ದು ಆ ಗುರುತಿನ ಚೀಟಿಯಲ್ಲೇ.

ಶುಕ್ರವಾರ ಸಂಜೆ ಐದಕ್ಕೆ ನಲವತ್ತೆರಡೂ ಒಪ್ಪಿಗೆಯಾದವು. ಸಾಹೇಬರದನ್ನೂ ಹೊಸದಾಗಿ ತೆಗೆದರು, ಕಚೇರಿಯವರು ಮತ್ತೆ ನೀರು ಕುಡಿದರು. ಟೈಲರನ ಮಗಳ ಹೊಸ ಫೋಟೋಗೆ ಹುಡುಗ ಉತ್ತರ ಬರೆಯಲಿಲ್ಲ, ರಜೆ ಹಾಕಿ ತಾನೇ ಬಂದ.

ಆಮೇಲೆ ಹನ್ನೊಂದು ವರ್ಷ ಅತ್ತೆ ಆ ಸ್ಟೂಲಿನ ಮೇಲೆ ನಿಂತಳು. ಆ ತುದಿಯ ಸ್ಟುಡಿಯೋ ಚಪ್ಪಲಿ ಅಂಗಡಿಯಾಯಿತು. ಟೈಲರನ ಮೊಮ್ಮಕ್ಕಳು ಮೂವರೂ ಹಲ್ಲು ಬರುವ ಮುಂಚೆಯೇ ಬಂದು, ಅತ್ತೆಯ ಹಾಗೆಯೇ ಬೊಚ್ಚುಬಾಯಲ್ಲಿ ನಕ್ಕು ಹೋದರು. ಆ ಬೀದಿಯ ಹಳಬರ ಮನೆಗೆ ಹೋದರೆ ಈಗಲೂ ನೋಡಬಹುದು, ಆ ಹನ್ನೊಂದು ವರ್ಷದ ಫೋಟೋಗಳಲ್ಲಿ ಎಲ್ಲರೂ ಕ್ಯಾಮೆರಾಕ್ಕಿಂತ ಒಂದು ಗೇಣು ಮೇಲೆ ನೋಡುತ್ತಿರುತ್ತಾರೆ.

ಅತ್ತೆ ಹೋದ ಮೇಲೆ, ಗೋಡೆಗೆ ಹಾಕಲು ಅವಳದೊಂದು ಫೋಟೋ ಬೇಕೆಂದು ರೆಡಿಯಣ್ಣ ಪೆಟ್ಟಿಗೆಗಳನ್ನೆಲ್ಲ ತೆಗೆದ. ಊರಿನವರೆಲ್ಲರ ಮುಖ ಇತ್ತು, ಅತ್ತೆಯದು ಇರಲಿಲ್ಲ. ಅವಳು ಯಾವಾಗಲೂ ಕ್ಯಾಮೆರಾದ ಈ ಕಡೆಗೇ ಇದ್ದವಳು. ತಳದಲ್ಲಿ ಹೆಡ್ ಗುಮಾಸ್ತರು ಎಸೆದುಹೋದ ದಪ್ಪ ಲಕೋಟೆ ಸಿಕ್ಕಿತು. ಅದರೊಳಗಿನ ನಲವತ್ತೆರಡನ್ನೂ ತೆಗೆದು, ಪರದೆ ಇಳಿಬಿಟ್ಟ ಒಳಬಾಗಿಲಿನ ಎಡಗಡೆ ಗೋಡೆಯ ಮೇಲೆ ಸಾಲಾಗಿ ಅಂಟಿಸಿದ. ಡಾಕ್ಟರು ತೆಗೆದ ತನ್ನದನ್ನು ಬಾಗಿಲಿಗೆ ಎಲ್ಲಕ್ಕಿಂತ ಹತ್ತಿರ ಇಟ್ಟ. ಹೊಸಬರು ಯಾರಾದರೂ ಬಂದರೆ, "ಇವರೆಲ್ಲ ಏನು ನೋಡಿ ನಗ್ತಿದ್ದಾರೆ?" ಎನ್ನುತ್ತಾ, ಉತ್ತರಕ್ಕೆ ಕಾಯದೆ, ತಾವೂ ಪರದೆಯ ಕಡೆ ತಿರುಗುತ್ತಿದ್ದರು. ರೆಡಿಯಣ್ಣ ತಾನೂ ಒಂದು ಗಳಿಗೆ ಆ ಕಡೆ ನೋಡಿ, ಆಮೇಲೆ ಬಲ್ಬು ಹುಡುಕಲು ಹೋಗುತ್ತಿದ್ದ.

ಒಂದು ದಿನವೂ ಸ್ಟೂಲ್ ತಪ್ಪಿಸದ ಅತ್ತೆ ಹೋದದ್ದು ಮಂಗಳವಾರ, ಸ್ಟುಡಿಯೋಗೆ ರಜೆಯ ದಿನ.